ಬ್ರೇಕ್ ಪೆಡಲ್ ಮಿಡಿಯುವುದೇಕೆ? ಕರಾವಳಿಯ ಕಾರು ಮಾಲೀಕರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನಿಂದ ಉಡುಪಿಗೆ ಹೊರಟು, ಹೆಜಮಾಡಿಯ ಟೋಲ್ ಗೇಟು ಕಾಣಿಸಿದೊಡನೆ ಎಂಬತ್ತರ ವೇಗದಲ್ಲಿದ್ದ ಕಾರಿಗೆ ಮೆಲ್ಲನೆ ಬ್ರೇಕ್ ಹಾಕುತ್ತೀರಿ. ಆಗ ಪೆಡಲ್ ಅಂಗಾಲಿಗೆ ತಟತಟನೆ ತಟ್ಟುತ್ತದೆ, ಕೆಲವೊಮ್ಮೆ ಸ್ಟೀರಿಂಗ್ ಕೂಡ ಎಡಬಲಕ್ಕೆ ನಡುಗುತ್ತದೆ, ಕಾರು ನಿಧಾನವಾದಂತೆ ಈ ತಟ್ಟುವಿಕೆಯೂ ನಿಧಾನವಾಗಿ ಕೊನೆಗೆ ನಿಂತುಹೋಗುತ್ತದೆ. ಈ ಪುಟದಲ್ಲಿರುವುದು ಆ ಒಂದು ದೋಷದ ವಿಚಾರ ಮಾತ್ರ.

ಪೆಡಲ್ ಮಿಡಿಯುವಾಗ ಒಳಗೆ ಏನಾಗುತ್ತಿರುತ್ತದೆ?

ಚಕ್ರದೊಂದಿಗೆ ತಿರುಗುವ ಕಬ್ಬಿಣದ ತಟ್ಟೆಯೇ ಡಿಸ್ಕ್. ಬ್ರೇಕ್ ಒತ್ತಿದಾಗ ಕ್ಯಾಲಿಪರ್ ಎಂಬ ಭಾಗವು ಎರಡು ಪ್ಯಾಡ್‌ಗಳನ್ನು ಅದರ ಎರಡೂ ಮುಖಗಳಿಗೆ ಒತ್ತಿ ಹಿಡಿಯುತ್ತದೆ. ಡಿಸ್ಕಿನ ದಪ್ಪ ಸುತ್ತಲೂ ಒಂದೇ ಸಮನಾಗಿರಬೇಕು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಎಂದಾದರೆ, ದಪ್ಪ ಭಾಗವು ಎರಡು ಪ್ಯಾಡ್‌ಗಳ ನಡುವೆ ಬಂದಾಗಲೆಲ್ಲ ಕ್ಯಾಲಿಪರಿನ ಪಿಸ್ಟನ್ ಒಳಕ್ಕೆ ತಳ್ಳಲ್ಪಡುತ್ತದೆ. ಪಿಸ್ಟನ್ ತಳ್ಳಿದ ಬ್ರೇಕ್ ಆಯಿಲ್ ಪೈಪಿನಲ್ಲಿ ಹಿಂದಕ್ಕೆ ಸರಿದು ಪೆಡಲನ್ನು ಮೇಲೆತ್ತುತ್ತದೆ. ತೆಳು ಭಾಗ ಬಂದಾಗ ಪೆಡಲ್ ಮತ್ತೆ ತುಸು ಕುಸಿಯುತ್ತದೆ. ಈ ವ್ಯತ್ಯಾಸ 0.02 ಮಿಲಿಮೀಟರ್, ಅಂದರೆ ತಲೆಗೂದಲಿನ ದಪ್ಪದ ಮೂರರಲ್ಲೊಂದು ಭಾಗದಷ್ಟಿದ್ದರೂ ಕಾಲಿಗೆ ಗೊತ್ತಾಗುತ್ತದೆ. ಕಣ್ಣಿಗೆ ಮಾತ್ರ ಗೊತ್ತಾಗುವುದಿಲ್ಲ. ಆದ್ದರಿಂದ ಡಿಸ್ಕನ್ನು ನೋಡಿ, ಬೆರಳಿನಿಂದ ಸವರಿ “ಚೆನ್ನಾಗಿಯೇ ಇದೆ” ಎನ್ನುವವರ ಮಾತಿಗೆ ಬೆಲೆ ಕೊಡಬೇಕಾಗಿಲ್ಲ.

ಇದು ಎಬಿಎಸ್ (ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಕೆಲಸ ಮಾಡುತ್ತಿರುವುದರ ಲಕ್ಷಣ ಆಗಿರಬಾರದೇಕೆ?

ಆಗಿರಬಹುದು, ಆದ್ದರಿಂದ ಮೊದಲು ಅದನ್ನೇ ವಿಚಾರಿಸಬೇಕು. 2019ರ ಏಪ್ರಿಲ್‌ನಿಂದ ಭಾರತದಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿರುವುದರಿಂದ, ಮಳೆಗಾಲದ ನುಣುಪು ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಪೆಡಲ್ ಗರಗರ ಎನ್ನುವ ಅನುಭವ ಈಗ ಬಹಳ ಮಂದಿಗೆ ಆಗುತ್ತಿದೆ. ಅದು ದೋಷವಲ್ಲ. ಆ ಕ್ಷಣದಲ್ಲಿ ಕಾಲು ತೆಗೆಯದೆ ಒತ್ತಿಯೇ ಹಿಡಿಯಬೇಕು.

ಎರಡನ್ನೂ ಬೇರ್ಪಡಿಸುವುದು ಕಷ್ಟವಲ್ಲ. ಎಬಿಎಸ್‌ನ ಕಂಪನ ಹಠಾತ್ತನೆ, ಬಿರುಸಾಗಿ, ಪಂಪಿನ ಸದ್ದಿನೊಂದಿಗೆ ಬರುತ್ತದೆ ಮತ್ತು ಕಾರಿನ ವೇಗ ಇಳಿದಂತೆ ಅದರ ಲಯ ಇಳಿಯುವುದಿಲ್ಲ. ಡಿಸ್ಕಿನ ಮಿಡಿತವಾದರೋ ಚಕ್ರದ ಸುತ್ತಿಗೆ ಕಟ್ಟುಬಿದ್ದದ್ದು. ಸಣ್ಣ ಕಾರಿನ ಟಯರಿನ ಸುತ್ತಳತೆ ಸುಮಾರು 1.8 ಮೀಟರ್ ಎಂದಿಟ್ಟುಕೊಂಡರೆ, ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಚಕ್ರ ಸೆಕೆಂಡಿಗೆ ಸುಮಾರು 12 ಸುತ್ತು ತಿರುಗುತ್ತದೆ, 30ರಲ್ಲಿ ಐದು ಸುತ್ತಿಗಿಂತಲೂ ಕಡಿಮೆ. ಕಾಲಿಗೆ ತಿಳಿಯುವ ಮಿಡಿತವೂ ಅದೇ ಪ್ರಮಾಣದಲ್ಲಿ ನಿಧಾನವಾದರೆ ತಪ್ಪು ತಿರುಗುವ ಭಾಗದಲ್ಲಿದೆ ಎಂದು ತಿಳಿಯಬಹುದು.

ಒಂದು ಅಪವಾದವಿದೆ. ಒಣ ರಸ್ತೆಯಲ್ಲಿ ಮೆಲ್ಲನೆ ಬ್ರೇಕ್ ಹಾಕಿ, ಕಾರು ಇನ್ನೇನು ನಿಲ್ಲಬೇಕು ಎನ್ನುವಾಗ ಮಾತ್ರ ಪೆಡಲ್ ಗರಗರ ಎಂದರೆ, ಚಕ್ರದ ವೇಗವನ್ನು ಅಳೆಯುವ ಸೆನ್ಸರಿಗೆ ಅಥವಾ ಅದು ಓದುವ ರಿಂಗಿಗೆ ತುಕ್ಕು ಹಿಡಿದು, ಎಬಿಎಸ್ ಅನಗತ್ಯವಾಗಿ ಎಚ್ಚರಗೊಳ್ಳುತ್ತಿರಬಹುದು. ಸ್ಕ್ಯಾನರ್ ಹಾಕಿ ನಾಲ್ಕೂ ಚಕ್ರಗಳ ವೇಗವನ್ನು ಒಟ್ಟಿಗೆ ನೋಡಿದರೆ ಯಾವುದು ಸುಳ್ಳು ಹೇಳುತ್ತಿದೆ ಎಂಬುದು ತಿಳಿಯುತ್ತದೆ.

ತೊಂದರೆ ಮುಂದಿನ ಚಕ್ರದಲ್ಲೋ ಹಿಂದಿನದರಲ್ಲೋ?

ಪೆಡಲ್ ಜೊತೆಗೆ ಸ್ಟೀರಿಂಗ್ ನಡುಗಿದರೆ ಬಹುಮಟ್ಟಿಗೆ ಮುಂದಿನದು. ಸ್ಟೀರಿಂಗ್ ಶಾಂತವಾಗಿದ್ದು, ಸೀಟಿನ ಮೂಲಕ ಮೈಗೆ ಕಂಪನ ಬಂದರೆ ಹಿಂದಿನದರ ಮೇಲೆ ಸಂಶಯಪಡಬೇಕು. ನಮ್ಮ ಹೆಚ್ಚಿನ ಸಣ್ಣ ಕಾರುಗಳಿಗೆ ಹಿಂದೆ ಇರುವುದು ಡ್ರಮ್ ಬ್ರೇಕ್, ಅದು ದುಂಡಗೆ ಇರದೆ ಮೊಟ್ಟೆಯಾಕಾರಕ್ಕೆ ತಿರುಗಿದರೂ ಪೆಡಲ್ ಮಿಡಿಯುತ್ತದೆ. ಹಿಂದೆ ಮುಂದೆ ವಾಹನವಿಲ್ಲದ, ಒಣಗಿದ, ನೇರವಾದ ರಸ್ತೆಯಲ್ಲಿ 30–40ರ ವೇಗದಲ್ಲಿ ಹೋಗುತ್ತ, ಹ್ಯಾಂಡ್‌ಬ್ರೇಕಿನ ಗುಂಡಿಯನ್ನು ಒತ್ತಿಯೇ ಹಿಡಿದು ಲಿವರನ್ನು ಸ್ವಲ್ಪ ಸ್ವಲ್ಪವಾಗಿ ಎತ್ತಿ ನೋಡಬಹುದು. ಆಗಲೂ ಅದೇ ಲಯದ ಎಳೆತ ಬಂದರೆ ಡ್ರಮ್ಮೇ ಕಾರಣ. ಮಳೆ ಬಿದ್ದ ರಸ್ತೆಯಲ್ಲಿ ಈ ಪರೀಕ್ಷೆ ಬೇಡ, ಹಿಂದಿನ ಚಕ್ರ ಕಚ್ಚಿಕೊಂಡರೆ ಕಾರು ಅಡ್ಡ ತಿರುಗುತ್ತದೆ. ಗುಂಡಿ ಒತ್ತಿ ಹಾಕುವ ಎಲೆಕ್ಟ್ರಿಕ್ ಹ್ಯಾಂಡ್‌ಬ್ರೇಕ್ ಇರುವ ಕಾರಿನಲ್ಲಂತೂ ಇದನ್ನು ಮಾಡಲೇಬಾರದು.

ಬ್ರೇಕ್ ಮುಟ್ಟದೆಯೇ 90–100ರ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಅದು ಬ್ರೇಕಿನ ವಿಚಾರವಲ್ಲ, ಮೊದಲು ವೀಲ್ ಬ್ಯಾಲೆನ್ಸಿಂಗ್ ಮಾಡಿಸಿ ನೋಡಬೇಕು.

“ಡಿಸ್ಕ್ ಬೆಂಡ್ ಆಗಿದೆ” ಎಂದು ಗ್ಯಾರೇಜಿನಲ್ಲಿ ಹೇಳುತ್ತಾರೆ. ಅದು ನಿಜವೇ?

ಬಹಳ ಸಲ ನಿಜವಲ್ಲ. ಡಿಸ್ಕ್ ಎರಕದ ಕಬ್ಬಿಣದ್ದು, ಹಂಚಿನ ಮೇಲಿಟ್ಟ ಹಪ್ಪಳದಂತೆ ಅದು ಸುಲಭವಾಗಿ ಸೊಟ್ಟಗಾಗುವುದಿಲ್ಲ. ಡಿಸ್ಕ್ ತಾನು ಕೂತಿರುವ ಹಬ್ಬಿನ, ಅಂದರೆ ಚಕ್ರವನ್ನು ಹೊತ್ತು ತಿರುಗುವ ನಡುಭಾಗದ, ಮೇಲೆ ಸರಿಯಾಗಿ ಕೂರದೆ ಓರೆಯಾಗಿ ತಿರುಗುವುದು ಸಾಮಾನ್ಯ. ಹಾಗೆ ತಿರುಗುವ ಡಿಸ್ಕಿನ ಒಂದು ಅಂಚು, ಬ್ರೇಕ್ ಹಾಕದೇ ಇದ್ದಾಗಲೂ, ಪ್ರತಿ ಸುತ್ತಿನಲ್ಲೂ ಪ್ಯಾಡಿಗೆ ಒಂದೇ ಜಾಗದಲ್ಲಿ ಸವರಿಕೊಂಡು ಹೋಗುತ್ತದೆ. ನೂರು ಕಿಲೋಮೀಟರ್ ಓಡಿದರೆ ಐವತ್ತು ಸಾವಿರಕ್ಕೂ ಹೆಚ್ಚು ಸಲ ಸವರಿದಂತಾಯಿತು. ಆ ಜಾಗ ಕ್ರಮೇಣ ಸವೆದು ತೆಳುವಾಗುತ್ತದೆ, ಆಗ ಮಿಡಿತ ಹುಟ್ಟುತ್ತದೆ.

ಇನ್ನೊಂದು ಕಾರಣ ಪ್ಯಾಡಿನ ವಸ್ತು ಡಿಸ್ಕಿಗೆ ಅಲ್ಲಲ್ಲಿ ಅಂಟಿಕೊಳ್ಳುವುದು, ಮೂರನೆಯದು ತುಕ್ಕು. ಈ ಮೂರಕ್ಕೂ ಪರಿಹಾರ ಬೇರೆ ಬೇರೆ. “ಬೆಂಡ್” ಎಂಬ ಒಂದು ಪದ ಮೂರನ್ನೂ ಒಂದೇ ಬುಟ್ಟಿಗೆ ಹಾಕಿ, ಹೊಸ ಡಿಸ್ಕ್ ಎಂಬ ಒಂದೇ ಉತ್ತರ ಕೊಟ್ಟುಬಿಡುತ್ತದೆ ಎಂಬುದೇ ಆ ಪದದ ಮೇಲೆ ನನಗಿರುವ ತಕರಾರು.

ಕರಾವಳಿಯ ಹವೆಗೂ ಇದಕ್ಕೂ ಸಂಬಂಧವಿದೆಯೇ?

ಇದೆ. ಉಪ್ಪಿನಂಶದ ಗಾಳಿ ಮತ್ತು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ ಸೇರಿದರೆ, ಬಣ್ಣವಿಲ್ಲದ ಎರಕದ ಕಬ್ಬಿಣಕ್ಕೆ ತುಕ್ಕು ಹಿಡಿಯಲು ಒಂದು ರಾತ್ರಿ ಸಾಕು. ಬೆಳಿಗ್ಗೆ ಕಾರು ಹೊರಡಿಸಿದಾಗ ಡಿಸ್ಕಿನ ಮೇಲೆ ಕಾಣುವ ಕಿತ್ತಳೆ ಬಣ್ಣದ ತೆಳು ಪದರ ಮೊದಲ ನಾಲ್ಕಾರು ಬ್ರೇಕಿಗೆ ಉಜ್ಜಿಹೋಗುತ್ತದೆ, ಅದಕ್ಕಾಗಿ ಯಾರೂ ಚಿಂತಿಸಬೇಕಾಗಿಲ್ಲ.

ವಾರಗಟ್ಟಲೆ ನಿಂತ ಕಾರಿನ ಕಥೆ ಬೇರೆ. ನಮ್ಮಲ್ಲಿ ಗಲ್ಫಿನಲ್ಲೋ ಮುಂಬಯಿಯಲ್ಲೋ ಕೆಲಸದಲ್ಲಿರುವವರ ಕಾರು ಮಳೆಗಾಲದ ನಡುವಿನ ಆಟಿ ತಿಂಗಳಿಡೀ ಹೊದಿಕೆಯೊಳಗೆ ನಿಂತಿರುವುದು ಹೊಸ ಸಂಗತಿಯೇನಲ್ಲ. ಹೊದಿಕೆಯ ಒಳಗೆ ತೇವ ಉಳಿಯುತ್ತದೆ. ಪ್ಯಾಡ್ ಮುಚ್ಚಿಕೊಂಡ ಜಾಗ ಒಂದು ರೀತಿಯಲ್ಲಿ, ತೆರೆದ ಜಾಗ ಇನ್ನೊಂದು ರೀತಿಯಲ್ಲಿ ತುಕ್ಕು ಹಿಡಿಯುತ್ತದೆ. ಮಾಲೀಕರು ಊರಿಗೆ ಬಂದು ಕಾರು ಹೊರತೆಗೆದಾಗ, ಡಿಸ್ಕಿನ ಮೇಲೆ ಪ್ಯಾಡಿನ ಅಚ್ಚು ಮುದ್ರೆ ಒತ್ತಿದಂತೆ ಎದ್ದು ಕಾಣುತ್ತದೆ. ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಸುರಕ್ಷಿತವಾದ ಕಡೆ ಹಲವು ಸಲ ಮಧ್ಯಮ ಬಲದಲ್ಲಿ ಬ್ರೇಕ್ ಹಾಕಿದರೆ ಹೆಚ್ಚಿನ ಕಾರುಗಳಲ್ಲಿ ಅದು ಅಳಿಸಿಹೋಗುತ್ತದೆ, ಹೋಗದಿದ್ದರೆ ತುಕ್ಕು ಲೋಹದೊಳಕ್ಕೆ ಕೊರೆದಿದೆ ಎಂದರ್ಥ. ಮನೆಯಲ್ಲಿ ಉಳಿದವರು ವಾರಕ್ಕೊಮ್ಮೆ ಕಾರನ್ನು ಒಂದು ಸುತ್ತು ಓಡಿಸಿ ತರುವುದು ಬ್ಯಾಟರಿಗೆ ಮಾತ್ರವಲ್ಲ, ಬ್ರೇಕಿಗೂ ಒಳ್ಳೆಯದು. ಅಂಗಳದಲ್ಲಿ ಸುಮ್ಮನೆ ಎಂಜಿನ್ ಚಾಲೂ ಮಾಡಿ ಆರಿಸಿದರೆ ಬ್ರೇಕಿಗೆ ಏನೂ ಪ್ರಯೋಜನವಿಲ್ಲ. ಹಾಗೆಯೇ ಮಳೆಗಾಲದಲ್ಲಿ ದೀರ್ಘಕಾಲ ನಿಲ್ಲಿಸುವಾಗ ಹ್ಯಾಂಡ್‌ಬ್ರೇಕ್ ಎಳೆದಿಡದೆ, ಸಮತಟ್ಟು ಜಾಗದಲ್ಲಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡುವುದು ಲೇಸು. ಇಲ್ಲವಾದರೆ ಡ್ರಮ್ಮನ್ನು ಒಳಗಿನಿಂದ ಒತ್ತುವ ಹಿಂದಿನ ಬ್ರೇಕ್ ಶೂ ಡ್ರಮ್ಮಿಗೇ ಅಂಟಿಕೊಂಡೀತು.

ಮಂಗಳೂರಿನ ಕೊಟ್ಟಾರ ಚೌಕಿಯಂಥ ಕಡೆ ನಿಂತ ನೀರಿನಲ್ಲಿ ಕಾರು ದಾಟಿಸಿದವರು ಅಥವಾ ಮಲ್ಪೆಯ ಕಡಲ ದಂಡೆಯ ಮರಳಿಗೆ ಕಾರು ಇಳಿಸಿದವರು ಅದೇ ದಿನ ಚಕ್ರಗಳ ಒಳಭಾಗಕ್ಕೆ ಸಿಹಿನೀರು ಹಾಯಿಸಿ ತೊಳೆದು, ಒಂದೆರಡು ಕಿಲೋಮೀಟರ್ ಓಡಿಸಿ ಬ್ರೇಕ್ ಒಣಗಿಸಿಯೇ ನಿಲ್ಲಿಸಬೇಕು.

ಹೊಸ ಡಿಸ್ಕ್ ಮತ್ತು ಪ್ಯಾಡ್ ಹಾಕಿಸಿ ಆರು ತಿಂಗಳೂ ಆಗಿಲ್ಲ, ಮಿಡಿತ ಮತ್ತೆ ಬಂದಿದೆ. ಡಿಸ್ಕ್ ಕಳಪೆಯೇ?

ಡಿಸ್ಕನ್ನು ಬೈಯುವ ಮೊದಲು ಅದರ ಹಿಂದಿರುವ ಹಬ್ಬನ್ನು ನೋಡಬೇಕು. ಇದನ್ನು ನಾನು ಹಣ ಕೊಟ್ಟು ಕಲಿತದ್ದು. ನನ್ನ ಕಾರಿಗೆ ನಗರದ ಒಂದು ಗ್ಯಾರೇಜಿನಲ್ಲಿ ಮುಂದಿನ ಎರಡೂ ಡಿಸ್ಕ್ ಬದಲಿಸಿದ್ದರು. ಮೊದಲ ಕೆಲವು ತಿಂಗಳು ಬ್ರೇಕ್ ಬೆಣ್ಣೆಯಂತಿತ್ತು. ಸುಮಾರು 7,000 ಕಿಲೋಮೀಟರ್ ಆಗುವಷ್ಟರಲ್ಲಿ ಪಡುಬಿದ್ರಿಯ ಜಂಕ್ಷನ್ ಬಂದಾಗಲೆಲ್ಲ ಪೆಡಲ್ ಮತ್ತೆ ತಟ್ಟತೊಡಗಿತು. ಈ ಸಲ ಬೇರೆ ಕಡೆ ಒಯ್ದು, ಡಿಸ್ಕ್ ಕಳಚುವಾಗ ಪಕ್ಕದಲ್ಲೇ ನಿಂತು ನೋಡಿದೆ. ಎಡಗಡೆಯ ಹಬ್ಬಿನ ಮುಖದ ಮೇಲೆ, ಒಂದು ಸ್ಟಡ್ಡಿನ (ವೀಲ್ ನಟ್ ಕೂರುವ ಬೋಲ್ಟಿನ) ಬುಡದಲ್ಲಿ, ನುಚ್ಚಕ್ಕಿಯಷ್ಟು ಅಗಲದ ತುಕ್ಕಿನ ಚಕ್ಕೆ ಗಟ್ಟಿಯಾಗಿ ಕೂತಿತ್ತು. ಉಗುರಿನಿಂದ ಕೀಳಲು ಹೋದರೆ ಉಗುರೇ ಮುರಿಯುವಂತಿತ್ತು. ಹೊಸ ಡಿಸ್ಕಿನ ಒಳಮುಖದಲ್ಲಿ ಅದರದೇ ಗುರುತು, ಹೊಳೆಯುವ ಒಂದು ಚುಕ್ಕೆ. ಹಳೆಯ ಡಿಸ್ಕ್ ತೆಗೆದವರು ಹಬ್ಬನ್ನು ಉಜ್ಜದೆ ಹೊಸದನ್ನು ಅದರ ಮೇಲೆಯೇ ಕೂರಿಸಿದ್ದರು. ಸೂಕ್ಷ್ಮ ಅಳತೆಯ ಡಯಲ್ ಗೇಜಿನಲ್ಲಿ ಡಿಸ್ಕಿನ ಓಲಾಟ, ಅಂದರೆ ತಿರುಗುವಾಗ ಅತ್ತಿತ್ತ ವಾಲುವುದು, 0.11 ಮಿಲಿಮೀಟರ್ ತೋರಿಸುತ್ತಿತ್ತು, ಹಬ್ಬನ್ನು ಉಜ್ಜಿ ಮತ್ತೆ ಕೂರಿಸಿದಾಗ 0.03ಕ್ಕೆ ಇಳಿಯಿತು. ಆದರೆ ಅಷ್ಟರಲ್ಲಿ ಡಿಸ್ಕ್ ಅಸಮವಾಗಿ ಸವೆದಿದ್ದರಿಂದ ಅದನ್ನು ಕೆರೆದು ಸಮ ಮಾಡಿಸಲು ಲೇತಿಗೆ ಕೊಡಲೇಬೇಕಾಯಿತು.

ಅಷ್ಟು ಸಣ್ಣ ಚಕ್ಕೆ ಇಷ್ಟೆಲ್ಲ ಮಾಡೀತೇ ಎಂದು ಕೇಳುವವರಿಗೆ ಲೆಕ್ಕ ಸರಳವಾಗಿದೆ. ಹಬ್ಬಿನ ಮುಖದ ವ್ಯಾಸ 140 ಮಿಲಿಮೀಟರ್, ಡಿಸ್ಕಿನದು 240 ಮಿಲಿಮೀಟರ್ ಎಂದುಕೊಳ್ಳೋಣ. ಹಬ್ಬಿನ ಅಂಚಿನಲ್ಲಿ 0.05 ಮಿಲಿಮೀಟರ್ ಎತ್ತರದ ಕೊಳೆ ಇದ್ದರೆ, ಡಿಸ್ಕಿನ ಅಂಚಿಗೆ ಬರುವಾಗ ಅದು ಸುಮಾರು 0.085 ಆಗಿ ಬೆಳೆದಿರುತ್ತದೆ. ಕೂಡಲೇ ಮಿಡಿತ ಕಾಣದಿರುವುದಕ್ಕೂ ಕಾರಣವಿದೆ. ಸ್ಲೈಡ್ ಪಿನ್ ಮೇಲೆ ಸರಿಯುವ ಕ್ಯಾಲಿಪರ್ ಡಿಸ್ಕಿನ ಓಲಾಟವನ್ನು ಹಿಂಬಾಲಿಸಿ ಅತ್ತಿತ್ತ ಚಲಿಸುವುದರಿಂದ, ದಪ್ಪದಲ್ಲಿ ವ್ಯತ್ಯಾಸ ಹುಟ್ಟುವವರೆಗೆ ಕಾಲಿಗೆ ಏನೂ ತಿಳಿಯುವುದಿಲ್ಲ. ಹೀಗಾಗಿ ತಪ್ಪು ನಡೆದ ದಿನಕ್ಕೂ ತಪ್ಪು ತಿಳಿಯುವ ದಿನಕ್ಕೂ ನಡುವೆ ತಿಂಗಳುಗಳ ಅಂತರ ಬೀಳುತ್ತದೆ, ಅಪವಾದ ಡಿಸ್ಕಿನ ತಲೆಗೆ ಬರುತ್ತದೆ.

ಆದ್ದರಿಂದ ಡಿಸ್ಕ್ ಬದಲಿಸಲು ಕೊಟ್ಟಾಗ ಒಂದೇ ಒಂದು ಮಾತು ಕೇಳಿ: ಹಬ್ಬನ್ನು ವೈರ್ ಬ್ರಷ್ ಮತ್ತು ಎಮರಿ ಪೇಪರಿನಿಂದ ಲೋಹ ಹೊಳೆಯುವವರೆಗೆ ಉಜ್ಜಿದ್ದೀರಾ? ಸ್ಟಡ್ಡುಗಳ ಬುಡದ ಸುತ್ತಲೂ ಉಜ್ಜಿದ್ದೀರಾ ಎಂದು ಬಿಡಿಸಿ ಕೇಳಬೇಕು, ಬ್ರಷ್ ತಲುಪದ ಜಾಗ ಅದೇ. ಹೊಸ ಡಿಸ್ಕಿಗೆ ಕಾರ್ಖಾನೆಯವರು ಹಚ್ಚಿರುವ ತುಕ್ಕುನಿರೋಧಕ ಎಣ್ಣೆಯನ್ನೂ ಬ್ರೇಕ್ ಕ್ಲೀನರಿನಿಂದ ಒರೆಸಿ ತೆಗೆದಿರಬೇಕು.

ಅಳತೆ ಮಾಡುವುದು ಹೇಗೆ?

ಚಕ್ರ ಕಳಚಿದ ಮೇಲೆ ಡಿಸ್ಕ್ ಹಬ್ಬಿನ ಮೇಲೆ ಸಡಿಲವಾಗಿ ನಿಲ್ಲುವುದರಿಂದ, ಮೊದಲು ವಾಷರ್ ಕೊಟ್ಟು ವೀಲ್ ನಟ್ಟುಗಳನ್ನೇ ಹಾಕಿ ಬಿಗಿಯಬೇಕು. ಆಮೇಲೆ ಡಯಲ್ ಗೇಜನ್ನು ಮ್ಯಾಗ್ನೆಟ್ ಸ್ಟ್ಯಾಂಡಿನಲ್ಲಿ ನಿಲ್ಲಿಸಿ, ಅದರ ಮುಳ್ಳನ್ನು ಡಿಸ್ಕಿನ ಅಂಚಿನಿಂದ ಸುಮಾರು 10 ಮಿಲಿಮೀಟರ್ ಒಳಗೆ ತಾಗಿಸಿ, ಕೈಯಿಂದ ಒಂದು ಸುತ್ತು ತಿರುಗಿಸಬೇಕು. 0.05 ಮಿಲಿಮೀಟರಿನೊಳಗೆ ಬಂದರೆ ನೆಮ್ಮದಿ, ಕೆಲವು ಕಂಪನಿಗಳ ಸರ್ವಿಸ್ ಮ್ಯಾನುವಲ್ 0.10ರವರೆಗೆ ಒಪ್ಪುತ್ತದೆ. ದಪ್ಪವನ್ನು ಮೈಕ್ರೋಮೀಟರಿನಿಂದ ಸುತ್ತಲೂ ಎಂಟು ಕಡೆ ಅಳೆಯಬೇಕು. ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಳತೆಗಳ ನಡುವೆ 0.02ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಮಿಡಿತದ ಮೂಲ ಸಿಕ್ಕಿತು.

ಹಬ್ ಉಜ್ಜಿದ ಮೇಲೂ ಓಲಾಟ ಹೆಚ್ಚಿದ್ದರೆ, ಡಿಸ್ಕನ್ನು ಒಂದು ಸ್ಟಡ್ಡಿನಷ್ಟು ತಿರುಗಿಸಿ ಕೂರಿಸಿ ಮತ್ತೆ ಅಳೆಯಬೇಕು. ಹಬ್ಬಿನ ಸಣ್ಣ ಓರೆಯೂ ಡಿಸ್ಕಿನ ಸಣ್ಣ ಓರೆಯೂ ಒಂದನ್ನೊಂದು ಕಳೆಯುವ ಜಾಗ ಸಿಗುವುದುಂಟು. ಎಲ್ಲಿಯೂ ಸಿಗದಿದ್ದರೆ ಗೇಜನ್ನು ಹಬ್ಬಿನ ಮುಖಕ್ಕೇ ಹಿಡಿದು ನೋಡಿ. ಹಬ್ಬೇ ಓಲಾಡುತ್ತಿದ್ದರೆ ಅಥವಾ ಬೇರಿಂಗ್ ಸಡಿಲವಾಗಿದ್ದರೆ ಎಷ್ಟು ಡಿಸ್ಕ್ ಬದಲಿಸಿದರೂ ವ್ಯರ್ಥ.

ಹಳೆಯ ಡಿಸ್ಕನ್ನು ಲೇತಿಗೆ ಕೊಡಬಹುದೇ, ಹೊಸದನ್ನೇ ಹಾಕಿಸಬೇಕೇ?

ಡಿಸ್ಕಿನ ಮೇಲೆ ಅದರ ಕನಿಷ್ಠ ದಪ್ಪವನ್ನು ಅಚ್ಚೊತ್ತಿರುತ್ತಾರೆ. ಲೇತಿನಲ್ಲಿ ಕೆರೆದ ಮೇಲೂ ಆ ಅಂಕಿಗಿಂತ ಮೇಲಿದ್ದು, ಮುಂದಿನ ಸವೆತಕ್ಕೂ ಸ್ವಲ್ಪ ಉಳಿಯುವಂತಿದ್ದರೆ ಮಾತ್ರ ಲೇತ್. ಹೊಸದಾಗಿ 20 ಮಿಲಿಮೀಟರ್ ಇದ್ದ ಡಿಸ್ಕಿನ ಕನಿಷ್ಠ ಮಿತಿ 18 ಎಂದಿದ್ದು, ಈಗಿನ ದಪ್ಪ 18.3 ಎಂದು ಬಂದರೆ, ಕೆರೆಸುವ ಖರ್ಚು ನೀರಿಗೆ ಹಾಕಿದ ಹಾಗೆ. ತೆಳು ಡಿಸ್ಕ್ ಬೇಗ ಕಾಯುತ್ತದೆ, ಬೇಗ ಕೆಡುತ್ತದೆ. ಕಾರಿನ ಮೇಲೆಯೇ ಕೆರೆಯುವ ಯಂತ್ರ ಇರುವಲ್ಲಿ ಕೊಡಿಸಿದರೆ ಹಬ್ಬಿನ ಓರೆಯೂ ಸೇರಿ ಸರಿಯಾಗುತ್ತದೆ. ಸಾಮಾನ್ಯ ಲೇತಾದರೆ ಡಿಸ್ಕನ್ನು ಮಧ್ಯದ ರಂಧ್ರ ಮತ್ತು ಕೂರುವ ಮುಖವನ್ನು ಆಧರಿಸಿ ಹಿಡಿಯಬಲ್ಲ ಕೈ ಬೇಕು. ಕೆರೆಸಿದರೂ ಬದಲಿಸಿದರೂ ಎಡಬಲ ಎರಡನ್ನೂ ಒಟ್ಟಿಗೆ ಮಾಡಬೇಕು, ಮತ್ತು ಹಳೆಯ ಡಿಸ್ಕಿನ ಗೀರುಗಳಿಗೆ ಹೊಂದಿಕೊಂಡ ಹಳೆಯ ಪ್ಯಾಡನ್ನು ಹೊಸ ಡಿಸ್ಕಿಗೆ ಹಾಕಬಾರದು. ಡ್ರಮ್ಮಿಗೂ ಇದೇ ನಿಯಮ, ಅಲ್ಲಿ ಅಚ್ಚೊತ್ತಿರುವುದು ಗರಿಷ್ಠ ವ್ಯಾಸ.

ಪಂಕ್ಚರ್ ಹಾಕಿಸಿದ ಮೇಲೆ ಮಿಡಿತ ಶುರುವಾಯಿತು. ಸಂಬಂಧವಿದೆಯೇ?

ಇರಬಹುದು. ಏರ್ ಗನ್ನಿನಿಂದ ಒಂದು ನಟ್ಟನ್ನು ಪೂರ್ತಿ ಬಿಗಿದು ಪಕ್ಕದ ನಟ್ಟಿಗೆ ಹೋದರೆ ಡಿಸ್ಕ್ ಓರೆಯಾಗಿ ಹಿಡಿದುಕೊಳ್ಳುತ್ತದೆ. ಕೈಯಲ್ಲಿ ತಿರುಗುವಷ್ಟು ತಿರುಗಿಸಿ, ಎದುರುಬದುರಾಗಿ ಎರಡು ಸುತ್ತಿನಲ್ಲಿ, ಟಾರ್ಕ್ ವ್ರೆಂಚಿನಿಂದ ಬಿಗಿಯಬೇಕು. ಸಣ್ಣ ಕಾರುಗಳಿಗೆ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್, ನಿಖರ ಅಂಕಿ ಕಾರಿನ ಕೈಪಿಡಿಯಲ್ಲಿರುತ್ತದೆ. ಪಂಕ್ಚರ್ ಅಂಗಡಿಯಿಂದ ಮನೆಗೆ ಬಂದ ದಿನವೇ ನಟ್ಟುಗಳನ್ನು ಸಡಿಲಿಸಿ ಸರಿಯಾಗಿ ಬಿಗಿದುಕೊಂಡರೆ ಡಿಸ್ಕ್ ಸವೆಯುವ ಮೊದಲೇ ಪಾರಾಗಬಹುದು.

ಆಗುಂಬೆ ಘಾಟಿ ಇಳಿದು ಬಂದ ಮೇಲೆ ಪೆಡಲ್ ತಟ್ಟುತ್ತಿದೆ. ಏಕೆ?

ಹದಿನಾಲ್ಕು ಹಿಮ್ಮುರಿ ತಿರುವುಗಳನ್ನು ಬ್ರೇಕಿನ ಮೇಲೆಯೇ ಕಾಲಿಟ್ಟು ಇಳಿದು, ಘಾಟಿಯ ಬುಡದ ಸೋಮೇಶ್ವರದಲ್ಲಿ ಚಹಾಕ್ಕೆಂದು ನಿಲ್ಲಿಸಿ, ಎಲ್ಲರೂ ಇಳಿಯುವವರೆಗೆ ಪೆಡಲನ್ನು ಗಟ್ಟಿಯಾಗಿ ಒತ್ತಿಯೇ ಇದ್ದರೆ, ಕಾದ ಪ್ಯಾಡಿನ ವಸ್ತು ಡಿಸ್ಕಿನ ಅದೊಂದೇ ಜಾಗಕ್ಕೆ ಅಂಟಿಕೊಳ್ಳುತ್ತದೆ. ಘಾಟಿಯಲ್ಲಿ ಎರಡನೆಯ ಗೇರಿನಲ್ಲಿ, ಕಡಿದಾದಲ್ಲಿ ಮೊದಲನೆಯದರಲ್ಲಿ ಇಳಿದು, ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಬ್ರೇಕ್ ಹಾಕಿ ಬಿಡಬೇಕು. ಕೆಳಗೆ ಬಂದ ಮೇಲೆ ಎರಡು ಮೂರು ಕಿಲೋಮೀಟರ್ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ, ಆಮೇಲೆ ನಿಲ್ಲಿಸುವುದು ಒಳ್ಳೆಯದು. ಚಾರ್ಮಾಡಿ, ಶಿರಾಡಿಗಳಿಗೂ ಇದೇ ಮಾತು. ಅಂಟಿದ ಪದರ ತೆಳುವಾಗಿದ್ದರೆ ಮುಂದೆ ಹೇಳುವ ಪಳಗಿಸುವ ಕ್ರಮದಿಂದಲೇ ಹೋಗಬಹುದು.

ಹೊಸ ಪ್ಯಾಡ್ ಮತ್ತು ಡಿಸ್ಕನ್ನು ಪಳಗಿಸುವುದು ಹೇಗೆ?

ಪಳಗಿಸದ ಹೊಸ ಕಾವಲಿಗೆ ನೀರುದೋಸೆ ಹೊಯ್ದರೆ ಅಲ್ಲಲ್ಲಿ ಕಚ್ಚಿಕೊಳ್ಳುವುದು ನಮ್ಮ ಕಡೆಯ ಅಡುಗೆಮನೆಗಳಲ್ಲಿ ಎಲ್ಲರೂ ಕಂಡದ್ದೇ, ಪ್ಯಾಡೂ ಹಾಗೆಯೇ. ಬೆಳಗಿನ ಹೊತ್ತು ಸಂಚಾರವಿಲ್ಲದ ರಸ್ತೆಯಲ್ಲಿ 60ರ ವೇಗದಿಂದ 20ಕ್ಕೆ, ಪೂರ್ತಿ ನಿಲ್ಲಿಸದೆ, ಸುಮಾರು ಹತ್ತು ಸಲ ಮಧ್ಯಮ ಬಲದಲ್ಲಿ ಇಳಿಸಿ, ನಡುನಡುವೆ ಅರ್ಧ ನಿಮಿಷ ಓಡಿಸಿ ತಣಿಯಲು ಬಿಡಬೇಕು. ಕೊನೆಯಲ್ಲಿ ಹತ್ತು ನಿಮಿಷ ಬ್ರೇಕ್ ಆದಷ್ಟು ಬಳಸದೆ ಓಡಿಸಬೇಕು. ಪ್ಯಾಡ್ ತಯಾರಕರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಅನುಸರಿಸಿ.

ಬ್ರೇಕ್ ಆಯಿಲ್ ಬದಲಿಸಿದರೆ ಮಿಡಿತ ಹೋಗುತ್ತದೆಯೇ?

ಇಲ್ಲ. ಆಯಿಲಿನಲ್ಲಿ ಗಾಳಿ ಅಥವಾ ನೀರು ಸೇರಿದರೆ ಪೆಡಲ್ ಸ್ಪಂಜಿನಂತೆ ಮೆತ್ತಗಾಗುತ್ತದೆ, ಮಿಡಿಯುವುದಿಲ್ಲ. ಆದರೆ ಆಯಿಲ್ ಗಾಳಿಯ ತೇವವನ್ನು ಹೀರುವ ಗುಣದ್ದಾದ್ದರಿಂದ ನಮ್ಮ ಹವೆಯಲ್ಲಿ ಎರಡು ವರ್ಷಕ್ಕೊಮ್ಮೆ ಬದಲಿಸುವುದು ಹೇಗೂ ಆಗಬೇಕಾದ ಕೆಲಸ. ಡಾಟ್ 4 ಆಯಿಲಿನ ಕುದಿಬಿಂದು ಹೊಸದರಲ್ಲಿ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು, ನೀರು ಹೀರಿದ ಮೇಲಿನ ಕನಿಷ್ಠ ಮಿತಿ 155.

ಕ್ಯಾಲಿಪರಿನಲ್ಲಿ ಏನನ್ನು ನೋಡಬೇಕು?

ಸ್ಲೈಡ್ ಪಿನ್‌ಗಳು ಬೆರಳಿನಿಂದ ತಳ್ಳಿದರೆ ಜಾರಬೇಕು. ಒಂದು ಪಿನ್ ತುಕ್ಕಿನಿಂದ ಬಿಗಿದಿದ್ದರೆ ಪ್ಯಾಡ್ ಡಿಸ್ಕನ್ನು ಬಿಡದೆ ಸದಾ ಉಜ್ಜುತ್ತ, ಅದನ್ನು ಕಾಯಿಸುತ್ತದೆ. ಸ್ವಲ್ಪ ದೂರ ಓಡಿಸಿ ಬಂದ ಮೇಲೆ ಒಂದು ಚಕ್ರ ಮಾತ್ರ ಇತರ ಚಕ್ರಗಳಿಗಿಂತ ಹೆಚ್ಚು ಬಿಸಿಯಿದ್ದರೆ ಇದೇ ಸೂಚನೆ. ಕೈಯನ್ನು ಹತ್ತಿರ ಒಯ್ದು ನೋಡಿ, ಡಿಸ್ಕನ್ನು ಮುಟ್ಟಬೇಡಿ. ಪಿನ್ನಿಗೆ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸನ್ನೇ ಹಚ್ಚಬೇಕು. ಮಾಮೂಲಿ ಗ್ರೀಸ್ ತಾಗಿದರೆ ರಬ್ಬರ್ ಉಬ್ಬಿ ಪಿನ್ ಇನ್ನಷ್ಟು ಬಿಗಿಯುತ್ತದೆ.

ಮನೆಯ ಅಂಗಳದಲ್ಲೇ ಈ ಕೆಲಸ ಮಾಡಬಹುದೇ?

ಹಬ್ ಉಜ್ಜುವುದು, ಡಿಸ್ಕ್ ಬದಲಿಸುವುದು ಕೈಪಳಗಿದವರಿಗೆ ಅಸಾಧ್ಯವೇನಲ್ಲ. ಆದರೆ ಮಳೆಯಲ್ಲಿ ನೆನೆದ ಕೆಂಪುಮಣ್ಣಿನ ಅಂಗಳದಲ್ಲಿ ಜಾಕ್ ಓರೆಯಾಗಿ ಹೂತುಹೋಗುತ್ತದೆ. ಸಿಮೆಂಟು ನೆಲವಿದ್ದು, ಜಾಕಿನ ಜೊತೆಗೆ ಸ್ಟ್ಯಾಂಡ್ ಕೊಟ್ಟು, ಉಳಿದ ಚಕ್ರಗಳಿಗೆ ತಡೆ ಇಟ್ಟರೆ ಮಾತ್ರ ಕೈ ಹಾಕಿ. ಬಿಚ್ಚಿದ ಕ್ಯಾಲಿಪರನ್ನು ರಬ್ಬರ್ ಹೋಸಿನಿಂದ ನೇತಾಡಲು ಬಿಡದೆ ತಂತಿಯಿಂದ ಸ್ಪ್ರಿಂಗಿಗೆ ಕಟ್ಟಿ. ಬ್ರೇಕಿನ ಧೂಳನ್ನು ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ. ಎಲ್ಲ ಜೋಡಿಸಿದ ಮೇಲೆ, ಕಾರು ಕದಲಿಸುವ ಮುನ್ನ, ಪೆಡಲನ್ನು ಹಲವು ಸಲ ಒತ್ತಿ ಗಟ್ಟಿಯಾಗಿಸಿಕೊಳ್ಳಬೇಕು. ಮೊದಲ ಒತ್ತಿಗೆ ಅದು ನೆಲಕ್ಕೇ ಹೋಗುತ್ತದೆ.

ರಿಪೇರಿ ಮಾಡಿಸುವವರೆಗೆ ಕಾರು ಓಡಿಸಬಹುದೇ?

ಸಣ್ಣ ಮಿಡಿತವಿದ್ದರೆ ನಗರದೊಳಗೆ ನಾಲ್ಕು ದಿನ ಓಡಿಸಿದರೆ ಅಪಾಯವಿಲ್ಲ. ಆದರೆ ಕಾರು ಒಂದು ಬದಿಗೆ ಎಳೆದರೆ, ಕಬ್ಬಿಣಕ್ಕೆ ಕಬ್ಬಿಣ ಉಜ್ಜುವ ಸದ್ದು ಬಂದರೆ, ಪೆಡಲ್ ಮೊದಲಿಗಿಂತ ಕೆಳಗೆ ಇಳಿದರೆ, ಡಿಸ್ಕಿನಲ್ಲಿ ಅಂಚಿನವರೆಗೆ ಬಿರುಕು ಕಂಡರೆ ಅಥವಾ ಬ್ರೇಕ್ ಆಯಿಲಿನ ದೀಪ ಉರಿದರೆ, ಗ್ಯಾರೇಜಿಗೂ ಅದನ್ನು ಓಡಿಸಿಕೊಂಡು ಹೋಗದೆ ಟೋ ಮಾಡಿಸಿ.